ಬಿ.ಕಾಂ ಸೀಟು ಸಿಗುತ್ತದೆ, ಆಮೇಲೆ?

ಪಿಯುಸಿ ಫಲಿತಾಂಶ ಬಂದ ಮೇಲೆ ಯಾವ ಡೇರಿಗೆ ಲೆಕ್ಕ ನೋಡಲು ಹೋದರೂ, ಹಾಲು ಹಾಕಲು ಬಂದ ಅಕ್ಕಂದಿರು ನನ್ನನ್ನು ಕೇಳುವುದು ಒಂದೇ ಮಾತು: "ಮೇಡಂ, ನಮ್ಮ ಹುಡುಗಿ ಕಾಮರ್ಸ್ ಮಾಡವ್ಳೆ, ಬಿ.ಕಾಂ ಸೀಟು ಸಿಕ್ತದಾ?" ರಾಜಾನುಕುಂಟೆ ಕಡೆ ಹೋದರೂ ಅದೇ, ಜಾಲ ಹೋಬಳಿಗೆ ಹೋದರೂ ಅದೇ, ಹೆಸರಘಟ್ಟಕ್ಕೆ ಹೋದರೂ ಅದೇ. ಒಬ್ಬೊಬ್ಬರಿಗೆ ನಿಂತಲ್ಲೇ ಅರ್ಧಂಬರ್ಧ ಹೇಳುವ ಬದಲು ಈ ಸಲ ನಮ್ಮ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಸೀಟು ಸಿಗುತ್ತದೆ. ಆ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಬಿ.ಕಾಂಗೆ ಸಿಇಟಿ ಬರೆಯಬೇಕಿಲ್ಲ. ಪಿಯುಸಿ ಅಂಕ, ಮೀಸಲಾತಿ ನೋಡಿ ಸೀಟು ಕೊಡುತ್ತಾರೆ. ಸರ್ಕಾರಿ ಪದವಿ ಕಾಲೇಜುಗಳಿಗೆ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು, ಅಷ್ಟೆ. ಯಲಹಂಕದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಮಲ್ಲೇಶ್ವರದಲ್ಲೂ ಇವೆ. ಹೆಣ್ಣುಮಕ್ಕಳದ್ದೇ ಬೇಕೆಂದರೆ ಮೆಜೆಸ್ಟಿಕ್ ಹತ್ತಿರ ಮಹಾರಾಣಿ ಕಾಲೇಜಿದೆ, ಅದು ಈಗ ಕ್ಲಸ್ಟರ್ ವಿಶ್ವವಿದ್ಯಾಲಯವೇ ಆಗಿದೆ. 1964ರಲ್ಲಿ ಶುರುವಾದ ಬೆಂಗಳೂರು ವಿಶ್ವವಿದ್ಯಾಲಯವನ್ನು 2017ರಲ್ಲಿ ಮೂರು ಭಾಗ ಮಾಡಿದ ಮೇಲೆ ದೇವನಹಳ್ಳಿ, ಹೊಸಕೋಟೆ ಕಡೆಯ ಕಾಲೇಜುಗಳು ಕೋಲಾರದಲ್ಲಿ ಕಚೇರಿ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ. "ಕೋಲಾರದ ಸರ್ಟಿಫಿಕೇಟು ಬೆಂಗಳೂರಲ್ಲಿ ನಡೆಯುತ್ತಾ?" ಎಂದು ಕೆಲವರು ಅನುಮಾನ ಪಡುತ್ತಾರೆ. ನಡೆಯುತ್ತದೆ. ಪದವಿ ಎಲ್ಲ ಕಡೆಯೂ ಪದವಿಯೇ. 2024ರಿಂದ ಮತ್ತೆ ಮೂರೇ ವರ್ಷ, ನಾಲ್ಕು ವರ್ಷದ ಗೊಂದಲ ಮುಗಿದಿದೆ.

ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ. ಬಿ.ಕಾಂ ಮುಗಿಸಿದ ದಿನ ಹುಡುಗಿಗೆ ಏನು ಕೆಲಸ ಬರುತ್ತಿರಬೇಕು? ಒಳ್ಳೆಯ ಕೆಲಸ ಹಿಡಿಯುವ ತನಕ ಅವಳಿಗೆ ಎಷ್ಟು ಕಾಲ ಬಿಟ್ಟುಕೊಡಲು ಮನೆ ತಯಾರಿದೆ?

ಮೊದಲು ದುಡ್ಡಿನ ಮಾತು ಮುಗಿಸೋಣ. ಸರ್ಕಾರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸೂ ಉಚಿತ. ಉಳಿಯುವುದು ಪರೀಕ್ಷೆ ಶುಲ್ಕ, ಪುಸ್ತಕ, ಊಟ. ಅದೇ ನಗರದ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಒಂದು ವರ್ಷದ ಶುಲ್ಕವೇ ಲಕ್ಷ ದಾಟುತ್ತದೆ. ಕರೆಯುತ್ತಿರುವ ಒಂದು ಒಳ್ಳೆಯ ಹಸುವಿನ ಬೆಲೆ ಒಂದೇ ವರ್ಷಕ್ಕೆ ಹೋಯಿತು ಎಂದರ್ಥ. ಆ ಕಾಲೇಜುಗಳಲ್ಲಿ ಇಂಗ್ಲಿಷ್ ವಾತಾವರಣ ಇರುತ್ತದೆ, ಕಂಪನಿಗಳು ಬಂದು ಆಯ್ಕೆ ಮಾಡಿಕೊಂಡು ಹೋಗುತ್ತವೆ, ಅದು ಸುಳ್ಳಲ್ಲ. ಅಂಕದ ಮೇಲೆ ಶುಲ್ಕ ಕಡಿಮೆ ಮಾಡಿ ಕರೆದರೆ ಖಂಡಿತ ಕಳಿಸಿ. ಆದರೆ ಮ್ಯಾನೇಜ್‌ಮೆಂಟ್ ಕೋಟಾ, ಡೊನೇಷನ್ ಎಂದರೆ ಬಾಗಿಲಲ್ಲೇ ಕೈಮುಗಿದು ಬನ್ನಿ. ಬಿ.ಕಾಂ ಸೀಟಿಗೆ ಹಸು ಮಾರಬೇಡಿ, ಒಡವೆ ಅಡವಿಡಬೇಡಿ. ಇದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ.

ಇನ್ನೊಂದು ಎಚ್ಚರಿಕೆ. ಈಗ ಬಿ.ಕಾಂ ಜೊತೆಗೆ ಎಸಿಸಿಎ ಸೇರಿಸಿ ಲಕ್ಷಗಟ್ಟಲೆ ಕೇಳುವ ಕಾಲೇಜುಗಳು ಹೆಚ್ಚಿವೆ. ಎಸಿಸಿಎ ಲಂಡನ್ನಿನ ಸಂಸ್ಥೆಯ ಪರೀಕ್ಷೆ, ಅದರ ಶುಲ್ಕ ಪೌಂಡಿನಲ್ಲಿ. ವಿದೇಶಿ ಕಂಪನಿಗಳ ಕಚೇರಿಗಳಲ್ಲಿ ಅದಕ್ಕೆ ಬೆಲೆಯಿದೆ. ಆದರೆ ನಮ್ಮ ದೇಶದಲ್ಲಿ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರ ಅದರಿಂದ ಬರುವುದಿಲ್ಲ, ಅದು ಸಿ.ಎ. ಆದವರಿಗೆ ಮಾತ್ರ. ಕೌನ್ಸೆಲಿಂಗ್‌ನಲ್ಲಿ ಕೂತವರು ಇದನ್ನು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. "ಲೆಕ್ಕಪತ್ರ ಎಲ್ಲ ಕಂಪ್ಯೂಟರ್ ಮಾಡ್ತದಂತೆ, ಇನ್ನು ಬಿ.ಕಾಂ ಓದಿ ಏನು ಪ್ರಯೋಜನ?" ಎಂದು ಗಂಡಸರು ಅರಳಿಕಟ್ಟೆಯಲ್ಲಿ ತೀರ್ಪು ಕೊಡುತ್ತಾರೆ. ಇದಕ್ಕೆ ಉತ್ತರ ನಿಮ್ಮ ಡೇರಿಯಲ್ಲೇ ಇದೆ. ಹಿಂದೆ ಸೆಕ್ರೆಟರಿ ಲ್ಯಾಕ್ಟೋಮೀಟರ್ ಬಿಟ್ಟು, ಬ್ಯುಟಿರೋಮೀಟರ್ ತಿರುಗಿಸಿ ಫ್ಯಾಟ್ ನೋಡಿ, ಪುಸ್ತಕದಲ್ಲಿ ಕೈಯಲ್ಲಿ ಬರೆಯುತ್ತಿದ್ದರು. ಈಗ ಯಂತ್ರ ಲೀಟರು, ಫ್ಯಾಟ್, ಎಸ್‌ಎನ್‌ಎಫ್, ದರ ಎಲ್ಲ ಮುದ್ರಿಸಿ ಚೀಟಿ ಕೊಡುತ್ತದೆ. ಬರೆಯುವ ಕೆಲಸ ಹೋಯಿತು. ನೋಡುವ ಕೆಲಸ ಹೋಯಿತೇ? ದಿನಾ ಫ್ಯಾಟ್ 4.1 ಬರುತ್ತಿದ್ದ ಕಡೆ ಒಂದು ಬೆಳಿಗ್ಗೆ 3.2 ಎಂದು ಬಂದರೆ ನೀವು ಚೀಟಿ ಹಿಡಿದುಕೊಂಡು ವಾಪಸ್ ಬರುತ್ತೀರಿ. ಯಂತ್ರ ಸರಿಯಾಗಿ ತೊಳೆದಿಲ್ಲವೋ, ಬೇರೆಯವರ ನಂಬರಿಗೆ ಹೋಗಿದೆಯೋ, ಹಸುವಿಗೇ ಏನಾದರೂ ಆಗಿದೆಯೋ ಎಂದು ಯೋಚಿಸುತ್ತೀರಿ. ಬಟವಾಡೆ ದಿನ ಫೀಡಿನ ಕಡಿತ ಎರಡು ಸಲ ಬಿದ್ದಿದ್ದರೆ ಹಿಡಿಯುತ್ತೀರಿ. ಅಂಕಿ ನೋಡಿದ ತಕ್ಷಣ "ಇದು ಸರಿಯಿಲ್ಲ" ಎನ್ನಿಸುವುದಿದೆಯಲ್ಲ, ಆಡಿಟರ್ ಕೆಲಸ ಎಂದರೆ ಅದೇ. ಬಿಲ್ಲು ನೋಡಿ ಕಂಪ್ಯೂಟರಿಗೆ ತುಂಬುವ ಕೆಲಸ ಕಡಿಮೆಯಾಗುತ್ತಿದೆ ಎಂಬುದು ನಿಜ. ಅದನ್ನಷ್ಟೇ ಕಲಿತ ಹುಡುಗಿಗೆ ಮುಂದೆ ಕಷ್ಟ. ತಪ್ಪು ಹುಡುಕಬಲ್ಲ ಹುಡುಗಿಗೆ ಕೆಲಸವಿದೆ.

ನಮ್ಮದೇ ತುಪ್ಪದ ಉದಾಹರಣೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆ, ಚೀಸ್ ಮೇಲಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಪ್ಯಾಕೆಟ್ ಪನೀರ್ ಮೇಲಿದ್ದ 5 ಪೂರ್ತಿ ಹೋಯಿತು. ಪ್ಯಾಕೆಟ್ ಮೊಸರಿನ 5 ಹಾಗೇ ಉಳಿಯಿತು. ಅಂಗಡಿಗೆ ಹೋದವರಿಗೆ ತುಪ್ಪದ ಬೆಲೆ ಇಳಿದದ್ದು ಮಾತ್ರ ಕಂಡಿತು. ಅದರ ಹಿಂದೆ ಡೇರಿಯಿಂದ ಹಿಡಿದು ಸಣ್ಣ ಬೂತಿನವರೆಗೆ ಬಿಲ್ಲಿನ ದರ ಬದಲಿಸಬೇಕು, ಹಳೆಯ ದರದಲ್ಲಿ ಕೊಂಡ ದಾಸ್ತಾನಿನ ಲೆಕ್ಕ ಕೂಡಿಸಬೇಕು, ಆ ತಿಂಗಳ ರಿಟರ್ನ್‌ನಲ್ಲಿ ಎರಡು ದರವನ್ನೂ ಬೇರೆ ಬೇರೆ ತೋರಿಸಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಿನಿಂದ ಸಣ್ಣ ವ್ಯಾಪಾರಿಗೂ ಲೆಕ್ಕದವರು ಬೇಕೇ ಬೇಕು. ಹೀಗಾಗಿ ಯಶವಂತಪುರ ಎಪಿಎಂಸಿ ಯಾರ್ಡಿನ ಮಂಡಿಗಳಲ್ಲಿ, ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ, ಆರ್.ಟಿ. ನಗರ, ಸಹಕಾರನಗರದ ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಟ್ಯಾಲಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್ ಬಲ್ಲವರಿಗೆ ಜಾಗ ಇದ್ದೇ ಇರುತ್ತದೆ. (ದೇಶವೆಲ್ಲ ಬಳಸುವ ಟ್ಯಾಲಿ ನಮ್ಮ ಬೆಂಗಳೂರಿನದ್ದೇ ಕಂಪನಿ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ.) ಶುರುವಿನ ಸಂಬಳ ಹದಿನೈದು, ಇಪ್ಪತ್ತು ಸಾವಿರದ ಆಸುಪಾಸು, ದೊಡ್ಡದೇನಲ್ಲ. ಆದರೆ ಇಲ್ಲಿ ಎರಡು ವರ್ಷ ಕೆಲಸ ಮಾಡಿದ ಹುಡುಗಿಗೆ ವ್ಯಾಪಾರದ ಒಳಹೊರಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಕನ್ನಡ ಬಲ್ಲವರೇ ಬೇಕು.

ಹೆಬ್ಬಾಳ ಫ್ಲೈಓವರ್ ದಾಟಿದರೆ ನಾಗವಾರದ ಮಾನ್ಯತಾ ಟೆಕ್ ಪಾರ್ಕ್. ಅಲ್ಲಿ ಎಂಜಿನಿಯರುಗಳು ಮಾತ್ರ ಇರುತ್ತಾರೆ ಎಂದು ತಿಳಿಯಬೇಡಿ. ವಿದೇಶಿ ಕಂಪನಿಗಳು ತಮ್ಮ ಬಿಲ್ಲು ಪಾವತಿ, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಸಂಬಳದ ಲೆಕ್ಕ ಎಲ್ಲವನ್ನೂ ಬೆಂಗಳೂರಿನ ಇಂಥ ಪಾರ್ಕುಗಳಲ್ಲಿ ಕೂತ ಬಿ.ಕಾಂ ಹುಡುಗ ಹುಡುಗಿಯರಿಂದ ಮಾಡಿಸುತ್ತವೆ. ಸಂಬಳ ಮಂಡಿಗಿಂತ ಚೆನ್ನಾಗಿದೆ. ಬೇಕಾದದ್ದು ಎಕ್ಸೆಲ್ ಮತ್ತು ಇಂಗ್ಲಿಷ್. ನಮ್ಮ ಹುಡುಗಿಯರು ಎಡವುವುದು ಲೆಕ್ಕದಲ್ಲಲ್ಲ, ಸಂದರ್ಶನದಲ್ಲಿ ಬಾಯಿ ಬಿಡಲು ಹೆದರುವುದರಲ್ಲಿ. ಡೊನೇಷನ್ನಿಗೆ ಕೊಡಲು ಯೋಚಿಸಿದ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲನ್ನು ಮೊದಲ ವರ್ಷದಿಂದಲೇ ಇಂಗ್ಲಿಷ್ ಮಾತಿಗೆ, ಎಕ್ಸೆಲ್ಲಿಗೆ ಹಾಕಿ. ಕೆಲವು ಕೆಲಸಗಳಲ್ಲಿ ರಾತ್ರಿ ಪಾಳಿ ಇರುತ್ತದೆ. ಕಂಪನಿ ಗಾಡಿ ಮನೆ ಬಾಗಿಲಿಗೆ ಬರುತ್ತದೆಯೇ ಎಂದು ಸೇರುವ ಮುಂಚೆ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಬ್ಯಾಂಕ್, ಸರ್ಕಾರಿ ಕೆಲಸದ ಆಸೆ ಎಲ್ಲರಿಗೂ ಇದ್ದೇ ಇದೆ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ 2021ರಲ್ಲಿ ಆಯಿತು. ಇಂಗ್ಲಿಷ್ ಪತ್ರಿಕೆಯೊಂದು ಇದ್ದರೂ ಉಳಿದದ್ದನ್ನು ಕನ್ನಡದಲ್ಲಿ ಬರೆಯಬಹುದು. ಸಹಕಾರ ಇಲಾಖೆ, ಸಹಕಾರ ಲೆಕ್ಕ ಪರಿಶೋಧನಾ ಇಲಾಖೆ, ಹಾಲು ಒಕ್ಕೂಟಗಳಲ್ಲಿ ಹುದ್ದೆ ಕರೆದಾಗ ಕಾಮರ್ಸ್ ಓದಿದವರಿಗೆ ಅವಕಾಶವಿದೆ. ಕರೆಯುವುದು ಯಾವಾಗಲೋ ಒಮ್ಮೆ, ಅದನ್ನೇ ನಂಬಿ ಮನೆಯಲ್ಲಿ ಕೂರುವಂತಿಲ್ಲ. ರಾಜ್ಯ ಸಹಕಾರ ಮಹಾಮಂಡಳದ ಡಿಸಿಎಂ ತರಬೇತಿ ಮಾಡಿಕೊಂಡಿದ್ದರೆ ಸಹಕಾರ ಸಂಘಗಳ ಕೆಲಸಕ್ಕೆ ಅನುಕೂಲ. "ಒಕ್ಕೂಟದಲ್ಲಿ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಕೆಲಸ ಮಾಡಿಸ್ತೀನಿ" ಎನ್ನುವವರು ಹಳ್ಳಿಗೊಬ್ಬರು ಇದ್ದೇ ಇರುತ್ತಾರೆ. ಅಂಥವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ, ಅದಕ್ಕಿಂತ ಹೆಚ್ಚು ಬೇಡ.

ಇನ್ನು ಸಿ.ಎ. ನಾನು ಇಷ್ಟೆಲ್ಲ ಬರೆಯಲು ಕುಳಿತದ್ದೇ ಇದಕ್ಕಾಗಿ.

ನಮ್ಮ ಕಡೆಯ ಚೆನ್ನಾಗಿ ಓದುವ ಹುಡುಗಿಯರು ಸಿ.ಎ. ಕಡೆ ತಲೆಯೇ ಹಾಕುವುದಿಲ್ಲ. ಅದು ಶ್ರೀಮಂತರ ಓದು ಎಂಬ ಭಾವನೆ. ವಾಸ್ತವದಲ್ಲಿ ಎಂಜಿನಿಯರಿಂಗ್, ಡಾಕ್ಟರಿಕೆ ಮುಂದೆ ಇದರ ಶುಲ್ಕ ಏನೂ ಅಲ್ಲ. ಇಲ್ಲಿ ಸೀಟು, ಡೊನೇಷನ್ ಎಂಬುದೇ ಇಲ್ಲ. ಪಿಯುಸಿ ಆದ ಮೇಲೆ ಫೌಂಡೇಷನ್ ಪರೀಕ್ಷೆ, 4 ಪತ್ರಿಕೆ. ಒಂದೊಂದರಲ್ಲೂ ನೂರಕ್ಕೆ 40, ಒಟ್ಟಾರೆ 50 ಬರಬೇಕು. ಆಮೇಲೆ ಇಂಟರ್‌ಮೀಡಿಯೆಟ್, ಆಮೇಲೆ ಒಬ್ಬ ಸಿ.ಎ. ಕೈಕೆಳಗೆ ಆರ್ಟಿಕಲ್‌ಶಿಪ್, ಆಮೇಲೆ ಫೈನಲ್. 2023ರ ಹೊಸ ನಿಯಮದಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಪಿಯುಸಿ ಆದಾಗ ಧೈರ್ಯ ಬರದಿದ್ದರೂ ಚಿಂತೆಯಿಲ್ಲ, ಬಿ.ಕಾಂನಲ್ಲಿ ನೂರಕ್ಕೆ 55 ತೆಗೆದವರು ಫೌಂಡೇಷನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ವಿಚಾರಿಸಬೇಕೆಂದರೆ ಸಿ.ಎ. ಸಂಸ್ಥೆಯ ಬೆಂಗಳೂರು ಶಾಖೆ ವಸಂತನಗರದಲ್ಲಿದೆ.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ಈಚಿನ ವರ್ಷಗಳಲ್ಲಿ ಫೈನಲ್‌ನ ಎರಡೂ ಗ್ರೂಪನ್ನು ಒಟ್ಟಿಗೆ ಬರೆದವರಲ್ಲಿ ಪಾಸಾದವರು ನೂರಕ್ಕೆ ಹತ್ತರಿಂದ ಇಪ್ಪತ್ತರ ಆಸುಪಾಸು. ಎರಡು ಮೂರು ಸಲ ಬರೆಯುವವರೇ ಹೆಚ್ಚು. ಸಣ್ಣ ಕಚೇರಿಗಳಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ಸಿಗುವ ಹಣ ಊಟ, ಓಡಾಟಕ್ಕೆ ಸರಿಹೋಗುತ್ತದೆ, ಮನೆಗೆ ಕೊಡುವಷ್ಟು ಉಳಿಯುವುದಿಲ್ಲ. ಬಿ.ಕಾಂ ಮುಗಿಸಿ ಸೇರಿದ ಹುಡುಗಿ ಎಲ್ಲವನ್ನೂ ಮೊದಲ ಸಲಕ್ಕೇ ದಾಟಿದರೂ ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸು ಆಗಿರುತ್ತದೆ.

ನಮ್ಮ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ಇಪ್ಪತ್ತೊಂದಕ್ಕೆ ಡಿಗ್ರಿ ಆಗುತ್ತದೆ, ಇಪ್ಪತ್ತೆರಡಕ್ಕೆ ನೆಂಟರು "ಇನ್ನೂ ಓದಿಸ್ತಾ ಇದ್ದೀರಾ?" ಎನ್ನುತ್ತಾರೆ, ಇಂಟರ್‌ಮೀಡಿಯೆಟ್‌ನ ಒಂದು ಗ್ರೂಪ್ ಪಾಸಾಗಿದ್ದ ಹುಡುಗಿಯ ಮದುವೆ ಪತ್ರಿಕೆ ನನ್ನ ಕೈಗೆ ಬರುತ್ತದೆ. ಇಂಥ ಪತ್ರಿಕೆಗಳು ಒಂದೆರಡಲ್ಲ. ಅಕ್ಕಂದಿರೇ, ಹೆಣ್ಣು ಕರು ಹುಟ್ಟಿದರೆ ನೀವು ಏನು ಮಾಡುತ್ತೀರಿ? ಅದು ಬೆಳೆದು, ಕಡಸಾಗಿ, ಗಬ್ಬ ನಿಂತು, ಕರು ಹಾಕುವ ಹೊತ್ತಿಗೆ ಎರಡೂವರೆ ಮೂರು ವರ್ಷ. ಅಲ್ಲಿಯವರೆಗೆ ಒಂದು ತೊಟ್ಟು ಹಾಲಿಲ್ಲ. ಹುಲ್ಲು, ಬೂಸಾ, ಜಂತುಹುಳು ಔಷಧಿ ಎಲ್ಲ ಹಾಕುತ್ತೀರಿ. ಯಾರಾದರೂ ಎರಡನೇ ವರ್ಷದಲ್ಲಿ ಬಂದು "ಇದು ಹಾಲು ಕೊಡ್ತಿಲ್ಲ, ಕಳಿಸಿಬಿಡಿ" ಎಂದರೆ ನಗುತ್ತೀರಿ. ಕರುವಿಗೆ ಕೊಡುವ ಕಾಲವನ್ನು ಮಗಳಿಗೂ ಕೊಡಿ ಎಂದು ಕೇಳುವುದು ದೊಡ್ಡ ಮಾತೇನಲ್ಲ. ಮದುವೆ ಬೇಡ ಎನ್ನುತ್ತಿಲ್ಲ. ಫೈನಲ್ ಬರೆಯುವ ತನಕ ಮಾತುಕತೆ ತೆಗೆಯಬೇಡಿ ಎನ್ನುತ್ತಿದ್ದೇನೆ, ಅಥವಾ ಓದಿಗೆ ಒಪ್ಪಿಕೊಂಡು ಬರುವ ಮನೆಯನ್ನೇ ನೋಡಿ. ಒಂದು ವೇಳೆ ಫೈನಲ್ ದಾಟದಿದ್ದರೂ ಇಂಟರ್‌ಮೀಡಿಯೆಟ್ ಆಗಿ ಎರಡು ವರ್ಷ ಆರ್ಟಿಕಲ್‌ಶಿಪ್ ಮಾಡಿದವಳಿಗೆ ಬರೀ ಬಿ.ಕಾಂ ಆದವಳಿಗಿಂತ ಒಳ್ಳೆಯ ಕೆಲಸ ಸಿಗುತ್ತದೆ. ಆ ಶ್ರಮ ಮಣ್ಣುಪಾಲಾಗುವುದಿಲ್ಲ.

ಕಾಲ ಎಂದರೆ ವರ್ಷಗಳ ಮಾತು ಮಾತ್ರವಲ್ಲ, ದಿನದ ಮಾತೂ ಹೌದು. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಐದಕ್ಕೆ ಕೊಟ್ಟಿಗೆ ಬಾಚಲು ಏಳುವುದು ಯಾರು? ಮಗನನ್ನು "ಓದ್ಕೊಳ್ಳಿ ಬಿಡು" ಎಂದು ಮಲಗಲು ಬಿಟ್ಟು ಮಗಳನ್ನು ಎಬ್ಬಿಸುವ ಮನೆಗಳು ಎಷ್ಟಿವೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಪರೀಕ್ಷೆಯ ಮೂರು ತಿಂಗಳಾದರೂ ಸಗಣಿ ಬಾಚುವುದು ಮಗನ ಪಾಲಿಗಿರಲಿ, ಅವನ ಕೈಯೇನೂ ಸವೆಯುವುದಿಲ್ಲ.

ಒಂದು ವಿಷಯದಲ್ಲಿ ನನಗೆ ಸಿಟ್ಟಿದೆ, ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಸಿ.ಎ. ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬೇಕು. ಹಿಂದಿಯಲ್ಲಿ ಆಗುವುದಾದರೆ ಕನ್ನಡದಲ್ಲಿ ಯಾಕಾಗದು? ಪಿಯುಸಿವರೆಗೆ ಅಕೌಂಟೆನ್ಸಿಯನ್ನು ಕನ್ನಡದಲ್ಲೇ ಓದಿ ನೂರಕ್ಕೆ ತೊಂಬತ್ತು ತೆಗೆದ ನಮ್ಮ ಹುಡುಗಿಯರು ಆ ಬಾಗಿಲಲ್ಲಿ ನಿಂತು ಹಿಂದೆ ಬರುತ್ತಾರೆ. ನಮ್ಮ ಶಾಸಕರು, ಸಂಸದರು ಡೇರಿಯ ಉದ್ಘಾಟನೆಗೆ ಬಂದಾಗ ಹಾರ ಹಾಕುವುದರ ಜೊತೆಗೆ ಈ ಪ್ರಶ್ನೆಯನ್ನೂ ಕೇಳಬೇಕು. ಅದು ಬದಲಾಗುವ ತನಕ ಇಂಗ್ಲಿಷ್ ಕಲಿಯದೆ ದಾರಿಯಿಲ್ಲ. ಎಸ್‌ಎಸ್‌ಎಲ್‌ಸಿ ಈಗಷ್ಟೇ ಮುಗಿಸಿದ ಮಗಳಿದ್ದರೆ, ಪಿಯುಸಿಯಲ್ಲಿ ಎಚ್‌ಇಬಿಎ ಸುಲಭ ಎಂದು ಕಣ್ಣುಮುಚ್ಚಿ ಸೇರಿಸಬೇಡಿ. ಲೆಕ್ಕದಲ್ಲಿ ಆಸಕ್ತಿ ಇದ್ದರೆ ಸಂಖ್ಯಾಶಾಸ್ತ್ರ ಇರುವ ಎಸ್‌ಇಬಿಎ, ಕಂಪ್ಯೂಟರ್ ಇರುವ ಸಿಇಬಿಎ ಮುಂದೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ನಮ್ಮ ಸಂಘಗಳಿಗೂ ಒಂದು ಮಾತು. ಪ್ರತಿ ಡೇರಿಯಲ್ಲೂ ಹಾಲು ಖರೀದಿ, ಸ್ಥಳೀಯ ಮಾರಾಟ, ಫೀಡಿನ ದಾಸ್ತಾನು, ಬಟವಾಡೆ, ಬೋನಸ್ಸು ಎಂದು ಒಂದು ಸಣ್ಣ ಕಾರ್ಖಾನೆಯಷ್ಟು ಲೆಕ್ಕವಿದೆ. ಮಾರ್ಚ್ ಮುಗಿದು ವರ್ಷದ ಲೆಕ್ಕ ಕಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ಊರಿನ ಒಂದಿಬ್ಬರು ಬಿ.ಕಾಂ ಹುಡುಗಿಯರನ್ನು ಸೆಕ್ರೆಟರಿ ಪಕ್ಕ ಕೂರಿಸಿಕೊಂಡರೆ ಸಂಘಕ್ಕೆ ಖರ್ಚಿಲ್ಲ. ಅಡಾವೆ ಪತ್ರಿಕೆ ಹೇಗೆ ತಯಾರಾಗುತ್ತದೆ ಎಂದು ಮೂರು ವರ್ಷ ಕಾಲೇಜಿನಲ್ಲಿ ಕಲಿಯದ್ದನ್ನು ಒಂದು ತಿಂಗಳಲ್ಲಿ ಕಲಿಯುತ್ತಾರೆ, ಕೆಲಸಕ್ಕೆ ಹೋದಾಗ ಹೇಳಿಕೊಳ್ಳಲು ಒಂದು ಅನುಭವವೂ ಆಗುತ್ತದೆ. ಒಕ್ಕೂಟ ಒಂದು ಸುತ್ತೋಲೆ ಕಳಿಸಿದರೆ ಸಾಕು. ಇದರಿಂದ ನಿಮಗೂ ಲಾಭವಿದೆ. ಸೆಪ್ಟೆಂಬರ್‌ನ ಮಹಾಸಭೆಯಲ್ಲಿ ಆಡಿಟ್ ವರದಿ ಓದುವಾಗ ನಮ್ಮಲ್ಲಿ ಹೆಚ್ಚಿನವರು ಊಟದ ಸಾಲಿನ ಕಡೆ ನೋಡುತ್ತಿರುತ್ತೇವೆ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಕಾನೂನಿನಲ್ಲೇ ಇದೆ, ಆ ಸ್ಥಾನದಲ್ಲಿ ಕೂತವರು ಸಹಿ ಹಾಕುವ ಮುಂಚೆ ಆ ಹಾಳೆಯನ್ನು ಮಗಳಿಂದ ಓದಿಸಿಕೊಂಡು ಬರಬಹುದು.

ಕಡೆಗೆ ಕಾಗದಪತ್ರ. ಜೂನ್‌ನಲ್ಲಿ ಓಡಾಡಬೇಡಿ, ಈಗಲೇ ಮಾಡಿಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಆದಾಯ ಪತ್ರ ಐದು ವರ್ಷಕ್ಕೆ ಮಾತ್ರ ಊರ್ಜಿತ, ಹೈಸ್ಕೂಲಿಗೆ ಮಾಡಿಸಿದ್ದು ಮುಗಿದಿದೆಯೇ ನೋಡಿ. ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಅದಕ್ಕೆ ಮಗಳ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾದಾಗ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ನಿಗದಿಯಾಗಿತ್ತು. ಅದಕ್ಕೆ ಜಮೀನಿನ ಫ್ರೂಟ್ಸ್ ಐಡಿ ಬೇಕು, ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಈ ಸಾಲಿಗೆ ಯಾವ ಯಾವ ಅರ್ಜಿ ಕರೆದಿದ್ದಾರೆ ಎಂದು ಕಾಲೇಜಿನ ಆಫೀಸಿನಲ್ಲಿ ಬರೆಸಿಕೊಳ್ಳಿ. ಈ ಕೆಲಸಗಳಿಗೆ ಯಜಮಾನರನ್ನೋ ಪಕ್ಕದ ಮನೆ ಹುಡುಗನನ್ನೋ ಕಳಿಸುವ ಬದಲು ಮಗಳನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅರ್ಜಿಯನ್ನು ಅವಳೇ ತುಂಬಲಿ.